ದೊಡ್ಡಪತ್ರೆ ಬೆಳೆದ ಮೃದಂಗ

ಆ ಊರು ಎಲ್ಲಿದೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಅಲ್ಲಿಗೆ ಹೋದವರು ಇದ್ದಾರೆ. ದಾರಿ ಹೇಳುವುದಕ್ಕೆ ಬೇಗ ಎದ್ದು ಬಂದವರು ಯಾರೂ ಇಲ್ಲ. ಉಳಿದೆಲ್ಲ ವಿಷಯದಲ್ಲೂ ಅದು ನಮ್ಮ ನಿಮ್ಮ ಊರಿನ ಹಾಗೇ. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದರು, ಮಧ್ಯಾಹ್ನ ಆಕಳಿಸುತ್ತಿದ್ದರು, ಸಂಜೆ ಜಗಲಿಯ ಮೇಲೆ ಕೂತು ಪಕ್ಕದ ಮನೆಯವರನ್ನು ಆಡಿಕೊಳ್ಳುತ್ತಿದ್ದರು. ಕಟ್ಟಳೆ ಅಂತ ಇದ್ದದ್ದು ಒಂದೇ. ಮಂಟಪದಲ್ಲಿ ಸಂಗೀತ ಕೇಳುವುದಕ್ಕೆ ಕೂತರೆ, ಚಪ್ಪಾಳೆ ಬೀಳುವ ತನಕ ಯಾರೂ ಹೊಸಿಲು ದಾಟುವಂತಿಲ್ಲ.

ಚಪ್ಪಾಳೆಯೂ ಅಲ್ಲಿ ಹುಡುಗಾಟವಲ್ಲ. ತೋಚಿದಾಗ ತೋಚಿದವರು ತಟ್ಟುವ ಹಾಗಿರಲಿಲ್ಲ. ಮೊದಲ ಚಪ್ಪಾಳೆ ಹೊಡೆಯುವುದಕ್ಕೆ ಅಂತಲೇ ಒಬ್ಬ ಅಜ್ಜ ಇದ್ದರು. ಅವರ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಅದನ್ನೇ ಮಾಡಿದವರು. ಅಜ್ಜ ಮುಂದಿನ ಸಾಲಿನ ನಡುಮಧ್ಯೆ ಕೆಂಪು ಜಮಖಾನದ ಮೇಲೆ, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದರು. ಕೇಳಿ, ಮುಗಿಯಿತು ಅಂತ ಅರಿತು, ಅವರು ಒಂದು ಸಲ ತಟ್ಟಿದರೆ ಊರೆಲ್ಲ ತಟ್ಟಬೇಕು. ಅವರು ತಟ್ಟದಿದ್ದರೆ ಊರೆಲ್ಲ ಕೂರಬೇಕು. ಅವರ ಕಿವಿಯಲ್ಲಿ ಯಾರೂ ಹೇಳಿಕೊಡುವಂತಿಲ್ಲ, ಕಣ್ಣಿಗೆ ಸನ್ನೆ ಮಾಡುವಂತಿಲ್ಲ. ಬಾರಿಸಿದವರಂತೂ ಬಾಯಿಬಿಟ್ಟು 'ಮುಗಿಯಿತು' ಅನ್ನುವಂತೆಯೇ ಇಲ್ಲ. ಅರವತ್ತು ವರ್ಷದಲ್ಲಿ ಅಜ್ಜನ ಕೈ ಒಂದೇ ಒಂದು ಸಲವೂ ತಪ್ಪು ಜಾಗದಲ್ಲಿ ಸದ್ದು ಮಾಡಿದ್ದಿಲ್ಲ. ಯಾರು ಏನು ಕೇಳಿದರೂ ಅವರು ಗಡ್ಡ ನೀವಿಕೊಂಡು "ಆಗಲಿ, ಆಗಲಿ" ಅನ್ನುತ್ತಿದ್ದರು. ದೊಡ್ಡ ಮನುಷ್ಯರು, ಹೆಚ್ಚು ಮಾತಾಡುವುದಿಲ್ಲ ಅಂತ ಜನ ಕೈ ಮುಗಿದು ಹೋಗುತ್ತಿದ್ದರು.

ಮೂರನೆಯ ದಿನ ಸೂರ್ಯ ನೆತ್ತಿಗೆ ಬಂದರೂ ಚಪ್ಪಾಳೆ ಬೀಳದಿದ್ದರೆ? ಆಗ ಬಾರಿಸಿದವರ ವಾದ್ಯ ಕಿತ್ತುಕೊಂಡು, ಚರ್ಮ ಬಿಚ್ಚಿ, ಒಳಗೆ ಮಣ್ಣು ತುಂಬಿ, ಮಂಟಪದ ಅಂಗಳದಲ್ಲಿ ನಿಲ್ಲಿಸಿ ದೊಡ್ಡಪತ್ರೆ ನೆಡುತ್ತಿದ್ದರು. ಒಮ್ಮೆ ನೆಟ್ಟರೆ ಆಯಿತು, ಆ ಕೈ ಜನ್ಮದಲ್ಲಿ ಮತ್ತೆ ವಾದ್ಯ ಮುಟ್ಟುವಂತಿಲ್ಲ. ಹಾಗೆ ಏಳು ಮೃದಂಗಗಳು ಅಂಗಳದಲ್ಲಿ ಸಾಲಾಗಿ ನಿಂತು ಸೊಂಪಾಗಿ ಚಿಗುರಿದ್ದವು. ಊರಿನಲ್ಲಿ ಯಾರಿಗೆ ನೆಗಡಿಯಾದರೂ ಅಲ್ಲಿಂದ ಎರಡು ಎಲೆ ಕಿತ್ತುಕೊಂಡು ಹೋಗುವುದು ರೂಢಿ.

ನಮ್ಮ ಕಥೆಯ ಮೃದಂಗದ ಹುಡುಗಿ ಆ ಸಾಲಿನ ಏಳನೆಯದರಿಂದ ಮಾತ್ರ ಎಂದೂ ಎಲೆ ಕೀಳುತ್ತಿರಲಿಲ್ಲ. ಅದು ಅವಳ ಮಾಸ್ತರರದು.

ಹದಿನಾಲ್ಕು ವರ್ಷದ ಹಿಂದೆ ಮಾಸ್ತರರು ಒಂದು ಹೊಸ ಕೃತಿ ಬಾರಿಸಿದರು. ಕೊನೆಯಲ್ಲಿ ಎಡಗೈಯಿಂದ ಗುಂ ಅಂತ ಜಾರುವ ಒಂದೇ ಒಂದು ಗುಮುಕಿ ಕೊಟ್ಟು, ಕೈ ಎತ್ತಿ ಸುಮ್ಮನಾದರು. ಅಜ್ಜ ತಟ್ಟಲಿಲ್ಲ. ಮೂರು ದಿನ ಕಾದರು. ಆಮೇಲೆ ದೊಡ್ಡಪತ್ರೆ ಬಂತು. ಅಂದಿನಿಂದ ಮಾಸ್ತರರು ವಾದ್ಯ ಮುಟ್ಟಲಿಲ್ಲ. ಊಟದ ಎಲೆಯ ಅಂಚನ್ನು ಸಹ ಬೆರಳಿಂದ ತಟ್ಟಲಿಲ್ಲ. ಹುಡುಗಿಗೆ ಪಾಠ ಹೇಳಿದ್ದು ಬರೀ ಬಾಯಿಂದ. ಸಾಯುವ ಮುಂಚೆ ಒಂದು ಮಾತು ಅಂದರು: "ಕೊನೇ ನಾದ ಎಲ್ಲಿ ನಿಲ್ಲುತ್ತೆ ಅಂತ ಒಂದು ಸಲ ಊರಿಗೆ ತೋರಿಸು ಮಗಾ. ನನ್ನ ಕೈಲಿ ಆಗಲಿಲ್ಲ."

ಹುಡುಗಿ ಅದನ್ನೇ ಹಿಡಿದು ಕೂತಳು. ಐದು ಜನಕ್ಕೆ ಒಂದು ಕೃತಿ ಬರೆದಳು. ಪಿಟೀಲು, ಕೊಳಲು, ವೀಣೆ, ಘಟ, ಇವಳ ಮೃದಂಗ. ಇವಳ ಎಡಕ್ಕೆ ಒಂದು ಮರದ ಚೌಕಟ್ಟಿನಲ್ಲಿ ಕಂಚಿನ ಜಾಗಟೆ. ಅಭ್ಯಾಸ ನಡೆದದ್ದು ಮಂಟಪಕ್ಕೆ ಅಂಟಿಕೊಂಡಿದ್ದ ಉಪ್ಪಿಟ್ಟಿನ ಅಕ್ಕನ ಅಡುಗೆಮನೆಯಲ್ಲಿ. ಅಕ್ಕ ಊರಿಗೆಲ್ಲ ಉಪ್ಪಿಟ್ಟು ಮಾಡಿ ಹಾಕುವವರು, ಬಾಯಿ ಸ್ವಲ್ಪ ಜೋರು, ಕೈ ಅದಕ್ಕಿಂತ ಧಾರಾಳ.

"ಏನು ತಂಗಿ ಇದು?" ಅಂತ ಪಿಟೀಲಿನವನು ಮೊದಲ ದಿನವೇ ಮೂಗು ಮುರಿದ. "ನನ್ನ ಹಾಳೆಯಲ್ಲಿ ತಾಳದ ನಲವತ್ತೊಂದು ಅಕ್ಷರ ಸುಮ್ಮನಿರಬೇಕು ಅಂತ ಬರೆದಿದ್ದೀಯಲ್ಲ! ಸುಮ್ಮನಿರೋದನ್ನ ಮನೇಲಿ ಹೇಗೆ ಅಭ್ಯಾಸ ಮಾಡಲಿ?"

"ನಿಮ್ಮ ಹೆಂಡತೀನ ಕೇಳಿ, ಹೇಳಿಕೊಡ್ತಾರೆ," ಅಂದರು ಉಪ್ಪಿಟ್ಟಿನ ಅಕ್ಕ, ರವೆ ಹುರಿಯುತ್ತಾ.

ಅವನ ಗೋಳು ಅಷ್ಟಕ್ಕೇ ಮುಗಿಯಲಿಲ್ಲ. "ಕೊನೆಗೆ ಮುಕ್ತಾಯ ಎಲ್ಲಿ?" ಅಂತ ಕೇಳಿದ. ಆ ಊರಿನಲ್ಲಿ ಯಾವ ಕಛೇರಿಯೂ ಮುಕ್ತಾಯವಿಲ್ಲದೆ ಮುಗಿದದ್ದಿಲ್ಲ. ತಧಿಗಿಣತೊಂ, ತಧಿಗಿಣತೊಂ, ತಧಿಗಿಣತೊಂ ಅಂತ ಒಂದನ್ನೇ ಮೂರು ಸಲ ಬಾರಿಸಿ, ಮೂರನೆಯ ತೊಂ ಮೇಲೆ ಕೈ ಎತ್ತಿದರೆ ಅಜ್ಜನ ಚಪ್ಪಾಳೆ ಠಪ್ ಅಂತ ಬೀಳುತ್ತಿತ್ತು. ಎಲ್ಲರೂ ಮನೆಗೆ. ಹುಡುಗಿ ಅದರಲ್ಲಿ ನಿಪುಣೆ. ನಿದ್ದೆಯಲ್ಲೂ ನೂರು ಮುಕ್ತಾಯ ಕಟ್ಟುತ್ತಿದ್ದಳು. ಆದರೆ ಈ ಕೃತಿಯ ಕೊನೆಗೆ ಅವಳು ಬರೆದದ್ದು ಜಾಗಟೆಗೆ ಒಂದೇ ಪೆಟ್ಟು. ಆಮೇಲೆ ಅದರ ಗುಂಯ್ ತಾನಾಗಿ ಕರಗಬೇಕು.

"ಅಜ್ಜ ತಟ್ಟದಿದ್ದರೆ?" ಅಂದ ಪಿಟೀಲಿನವನು.

"ಅರವತ್ತು ವರ್ಷ ಕೇಳಿದ ಕಿವಿ. ತಟ್ಟುತ್ತಾರೆ," ಅಂದಳು ಹುಡುಗಿ. ಆದರೂ ಅಂಗಳದ ಏಳನೆಯ ಮೃದಂಗದ ಪಕ್ಕ ಖಾಲಿ ಜಾಗ ಇರುವುದು ಅವಳ ಕಣ್ಣಿಗೆ ಬಿದ್ದೇ ಇತ್ತು.

ಕಛೇರಿಯ ಬೆಳಿಗ್ಗೆ ಊರಿಗೆ ಊರೇ ಬಂದು ಕೂತಿತು. ಬಾಗಿಲ ಪಕ್ಕ ಕಟ್ಟಳೆ ಯಜಮಾನರು, ತೊಡೆಯ ಮೇಲೆ ಕಟ್ಟಳೆಯ ಪುಸ್ತಕ. ಕೃತಿ ಶುರುವಾಯಿತು. ಕೊಳಲು ಒಂದು ಮಾತು ಹೇಳಿತು, ಘಟ ಅದಕ್ಕೆ ಅರ್ಧ ಉತ್ತರ ಕೊಟ್ಟಿತು, ಆಮೇಲೆ ಐವರೂ ಒಟ್ಟಿಗೆ ಸುಮ್ಮನಾದರು.

ಮುಂದಿನಿಂದ ಮೂರನೆಯ ಸಾಲಿನಲ್ಲಿದ್ದ ಪಾತ್ರೆ ಅಂಗಡಿಯವನು, ಪಾಪ, ಸಭ್ಯಸ್ಥ, ಮುಗಿದೇ ಹೋಯಿತು ಅಂದುಕೊಂಡು ಚಪ್ಪಾಳೆ ತಟ್ಟಿಬಿಟ್ಟ! ಸಭೆ ಹಾಂ ಅಂದಿತು. ಕಟ್ಟಳೆ ಯಜಮಾನರು ಎದ್ದು ಬಂದು, "ಅವಸರದ ಕೈ" ಅಂತ ಘೋಷಿಸಿ, ಅವನ ಎರಡೂ ಕೈಗಳನ್ನು ಬಾಳೆನಾರಿನಿಂದ ಕಟ್ಟಿದರು. ಕಛೇರಿ ಮುಗಿಯುವ ತನಕ ಬಿಚ್ಚುವಂತಿಲ್ಲ. ಅದಾದ ಮೇಲೆ ಯಾರಿಗೂ ಕೈ ಎತ್ತಿ ಮೂಗು ತುರಿಸಿಕೊಳ್ಳುವ ಧೈರ್ಯವೂ ಉಳಿಯಲಿಲ್ಲ. ಎರಡನೆಯ ಮೌನ ಬಂತು, ಹೋಯಿತು. ಮೂರನೆಯದು ಬಂತು, ಹೋಯಿತು. ಕಡೆಗೆ ಹುಡುಗಿ ಜಾಗಟೆಗೆ ಒಂದು ಪೆಟ್ಟು ಕೊಟ್ಟು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗುಂಯ್ ಅನ್ನುವುದು ಮಂಟಪದ ಕಂಬಗಳನ್ನೆಲ್ಲ ಸುತ್ತಿ, ಜನರ ತಲೆಯ ಮೇಲೆ ಹಾದು, ಬಾಗಿಲಾಚೆ ಹೋಗಿ ಕರಗಿತು.

ಅಜ್ಜ ಕೂತಿದ್ದರು. ಅಂಗೈ ಮೊಣಕಾಲ ಮೇಲಿತ್ತು. ಕಣ್ಣು ಹುಡುಗಿಯ ಕೈ ಮೇಲಿತ್ತು.

ಮಧ್ಯಾಹ್ನವಾಯಿತು. ಅಜ್ಜ ಕೂತಿದ್ದರು. ಸಂಜೆಯಾಯಿತು. ಅಜ್ಜ ಕೂತಿದ್ದರು.

ಊರು ಏನು ಮಾಡೀತು? ಕೂತಲ್ಲೇ ಬದುಕು ಹೂಡಿತು. ಉಪ್ಪಿಟ್ಟಿನ ಅಕ್ಕನ ಅಡುಗೆಮನೆ ಒಳಗಿನಿಂದಲೇ ಮಂಟಪಕ್ಕೆ ಸೇರಿಕೊಂಡಿದ್ದರಿಂದ ಹೊಸಿಲಿನ ತೊಂದರೆ ಇರಲಿಲ್ಲ; ಉಪ್ಪಿಟ್ಟು ಸಾಲುಸಾಲಾಗಿ ಬಂತು. ಕ್ಷೌರಿಕ ಕಂಬದ ಮರೆಯಲ್ಲಿ ಅಂಗಡಿ ಇಟ್ಟ. ಇಬ್ಬರು ಅಣ್ಣತಮ್ಮಂದಿರು, ಒಂಬತ್ತು ವರ್ಷದಿಂದ ಮುಖ ನೋಡದವರು, ಪಕ್ಕಪಕ್ಕ ಸಿಕ್ಕಿಹಾಕಿಕೊಂಡು ಮೊದಲ ದಿನ ಅತ್ತು ಒಂದಾದರು. ಎರಡನೆಯ ದಿನ ದಿಂಬಿನ ವಿಷಯಕ್ಕೆ ಮತ್ತೆ ಜಗಳಾಡಿ ಬೆನ್ನು ತಿರುಗಿಸಿದರು. ಪಾತ್ರೆ ಅಂಗಡಿಯವನಿಗೆ ಅವನ ಹೆಂಡತಿ ತುತ್ತು ಮಾಡಿ ತಿನ್ನಿಸುತ್ತಾ, ಮದುವೆಯಾದಾಗಿನಿಂದ ಹೇಳಬೇಕೆಂದಿದ್ದ ಮಾತನ್ನೆಲ್ಲ ಹೇಳಿ ಮುಗಿಸಿದಳು. ಬಾಯಲ್ಲಿ ತುತ್ತು, ಕೈಗೆ ನಾರು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಹೊರಗೆ ಎಮ್ಮೆಗಳು ಹಾಲು ಕರೆಯುವವರಿಲ್ಲದೆ ಬೊಬ್ಬೆ ಹೊಡೆಯುತ್ತಿದ್ದವು. ಆಡುಗಳು ಅಂಗಳಕ್ಕೆ ನುಗ್ಗಿ ದೊಡ್ಡಪತ್ರೆ ಮೂಸಿ, ಮುಖ ಸಿಂಡರಿಸಿಕೊಂಡು ಹೋದವು.

ಎರಡನೆಯ ದಿನ ಸಂಜೆ ಕಟ್ಟಳೆ ಯಜಮಾನರೇ ಹುಡುಗಿಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. "ನೋಡಮ್ಮ, ಮುಗಿಯದ ಕಛೇರಿಯಲ್ಲಿ ಬಾರಿಸುವವರು ಮುಂದಕ್ಕೆ ಬಾರಿಸಬಹುದು ಅಂತ ಪುಸ್ತಕದಲ್ಲಿದೆ. ಒಂದು ಮುಕ್ತಾಯ ಬಾರಿಸು. ಸಣ್ಣದು ಸಾಕು. ಅಜ್ಜ ತಟ್ಟುತ್ತಾರೆ. ನಿನ್ನ ಮೃದಂಗ ಉಳಿಯುತ್ತೆ, ನಮ್ಮ ಎಮ್ಮೆಗಳೂ ಉಳಿಯುತ್ತವೆ."

"ತಧಿಗಿಣತೊಂ, ಅಷ್ಟೇ ತಾನೇ ತಂಗಿ," ಅಂದ ಪಿಟೀಲಿನವನು. ಅವನ ದನಿ ಅಳುವುದಕ್ಕೆ ಬಂದಿತ್ತು. "ಮೂರು ಸಲ. ನಿನ್ನ ಕೈಗೆ ಅದೆಷ್ಟು ಹೊತ್ತಿನ ಕೆಲಸ?"

ನಿಜ, ಅವಳ ಕೈಗೆ ಅದು ಎಷ್ಟು ಹೊತ್ತಿನದೂ ಅಲ್ಲ. ಬೆರಳುಗಳು ಆಗಲೇ ತುರಿಸುತ್ತಿದ್ದವು. ಆದರೆ ಮಾಸ್ತರರು ಸಾಯುವ ತನಕ ಊಟದ ಎಲೆಯ ಅಂಚನ್ನೂ ತಟ್ಟದೆ ಕೂತಿದ್ದು ಅವಳ ಕಣ್ಣ ಮುಂದೆ ಬಂತು. ಆ ನಾದದ ಮೇಲೆ ಮೂರು ಪೆಟ್ಟು ಹೊಡೆದು ಮನೆಗೆ ಹೋದರೆ, ಅವರ ಬಾಯಿಯನ್ನು ತಾನೇ ಮುಚ್ಚಿದ ಹಾಗೆ.

"ನಾನು ಬಾರಿಸಬೇಕಾದ್ದನ್ನು ಬಾರಿಸಿಯಾಯಿತು ಯಜಮಾನರೇ," ಅಂದಳು. ಅವಳೇನೂ ದೊಡ್ಡ ಧೈರ್ಯವಂತೆಯಲ್ಲ. ಮೃದಂಗ ಹೋಗುತ್ತದೆ ಅನ್ನುವ ಭಯಕ್ಕೆ ಎರಡು ದಿನದಿಂದ ಉಪ್ಪಿಟ್ಟೂ ಇಳಿದಿರಲಿಲ್ಲ.

ಯಜಮಾನರು ನಿಟ್ಟುಸಿರು ಬಿಟ್ಟು, ಮಣ್ಣು ತುಂಬುವುದಕ್ಕೆ ಮಂಕರಿ ಹುಡುಕಿಡಿ ಅಂತ ಯಾರಿಗೋ ಹೇಳಿದರು.

ಮೂರನೆಯ ಬೆಳಗಾಯಿತು. ಅಜ್ಜ ಕೂತಿದ್ದರು. ಬಿಸಿಲು ಹೊಸಿಲಿಗೆ ಬಂತು, ಹೊಸಿಲಿನಿಂದ ಮೊದಲ ಕಂಬಕ್ಕೆ ಬಂತು. ಮೂರನೆಯ ಕಂಬದ ಬುಡ ಮುಟ್ಟಿದರೆ ಸೂರ್ಯ ನೆತ್ತಿಗೆ ಬಂದ ಲೆಕ್ಕ. ಆಗ ಉಪ್ಪಿಟ್ಟಿನ ಅಕ್ಕ, ಮೂರು ದಿನದ ನಿದ್ದೆಗೆಟ್ಟವರು, ಅಜ್ಜನ ಬೆನ್ನ ಹಿಂದೆಯೇ ಹಾದು ಹೋಗುವಾಗ ಕೈಜಾರಿ ದೊಡ್ಡ ಹಿತ್ತಾಳೆ ಕೊಪ್ಪರಿಗೆಯನ್ನು ಕಲ್ಲಿನ ನೆಲಕ್ಕೆ ಬಿಟ್ಟರು.

ಅಬ್ಬಬ್ಬಾ, ಆ ಸದ್ದು! ಕ್ಷೌರಿಕ ಗಿರಾಕಿಯ ಮೀಸೆಯನ್ನು ಅರ್ಧಕ್ಕೆ ಹಾರಿಸಿದ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕಟ್ಟಳೆ ಯಜಮಾನರ ತೊಡೆಯಿಂದ ಪುಸ್ತಕ ನೆಗೆಯಿತು. ಇಡೀ ಊರು ಕೂತಲ್ಲೇ ಒಂದು ಗೇಣು ಮೇಲೆದ್ದು ಕೆಳಗೆ ಬಿತ್ತು.

ಅಜ್ಜ ಮಾತ್ರ ಅಲುಗಲಿಲ್ಲ. ಒಂದು ರೆಪ್ಪೆಯೂ ಬಡಿಯಲಿಲ್ಲ. ಅವರ ಕಣ್ಣು ಹುಡುಗಿಯ ಕೈ ಮೇಲೇ ಇತ್ತು.

ಊರೆಲ್ಲ ಅಕ್ಕನನ್ನು ಬಯ್ಯುವುದರಲ್ಲಿ ಮುಳುಗಿದ್ದರಿಂದ ಅದನ್ನು ನೋಡಿದ್ದು ಹುಡುಗಿ ಒಬ್ಬಳೇ. ಇವರಿಗೆ ಕಿವಿ ಕೇಳುವುದಿಲ್ಲ! ಇವರು ಇಷ್ಟು ವರ್ಷ ಕೇಳಿದ್ದಲ್ಲ, ನೋಡಿದ್ದು. ಕೈ ಮೂರು ಸಲ ಒಂದೇ ಹಾದಿಯಲ್ಲಿ ಹೋಗಿ ಬಂದರೆ ಮುಕ್ತಾಯ; ಆಗ ಚಪ್ಪಾಳೆ. ಹಾಗಾದರೆ ಮಾಸ್ತರರು ಗುಮುಕಿ ಕೊಟ್ಟು ಸುಮ್ಮನಾದ ದಿನ?

ಅವಳಿಗೆ ಸಿಟ್ಟು ಬಂತು. ಎಂಥ ಸಿಟ್ಟು ಅಂತೀರಿ, ಎದ್ದು ನಿಂತು ಊರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು. ಹೇಳಿದರೆ ಮೃದಂಗ ಉಳಿಯುತ್ತದೆ, ಮಾಸ್ತರರ ಮಾನವೂ ಉಳಿಯುತ್ತದೆ. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅಜ್ಜನ ಕೆಂಪೇರಿದ ಕಣ್ಣು ಕಂಡಿತು. ಮುದುಕ ಮೂರು ದಿನ ಕಣ್ಣು ಮುಚ್ಚಿರಲಿಲ್ಲ. ಮುಚ್ಚಿದ ಗಳಿಗೆಯಲ್ಲೇ ಅವಳ ಕೈ ಎದ್ದುಬಿಟ್ಟರೆ ಅನ್ನುವ ಹೆದರಿಕೆ ಆ ಕೆಂಪು ಕಣ್ಣಿನಲ್ಲಿ ಕಾಣುತ್ತಿತ್ತು. ತನ್ನ ಹಾಗೆಯೇ ಇವರೂ ಹೆದರಿ ಕೂತಿದ್ದಾರೆ ಅಂತ ಅವಳಿಗೆ ಗೊತ್ತಾಯಿತು. ಅವಳು ಬಾಯಿ ಮುಚ್ಚಿದಳು.

ಬಿಸಿಲು ಎರಡನೆಯ ಕಂಬಕ್ಕೆ ಬಂದಿತ್ತು. ಹೊಸಿಲು ದಾಟದೆ ಕೈಚಾಚಿ ಬಾಚಿದ ಮಣ್ಣು ಮಂಕರಿಯಲ್ಲಿ ರೆಡಿ. ಯಾರೋ ಹಾಗೇ ಕೈಚಾಚಿ ದೊಡ್ಡಪತ್ರೆಯ ಕಡ್ಡಿಯನ್ನೂ ಮುರಿದುಕೊಂಡಿದ್ದರು.

ಹುಡುಗಿ ಚೌಕಟ್ಟಿನಿಂದ ಜಾಗಟೆ ಬಿಚ್ಚಿಕೊಂಡು ಎದ್ದಳು. "ಯಜಮಾನರೇ, ಕೊನೆಯದನ್ನು ಇನ್ನೊಂದು ಸಲ ಬಾರಿಸುತ್ತೇನೆ. ಜಾಗಟೆ ಹಿಡಿಯುವುದಕ್ಕೆ ಒಂದು ಕೈ ಬೇಕು. ಅಜ್ಜನ ಕೈ ಆಗಬಹುದಾ?"

ಯಜಮಾನರು ಪುಸ್ತಕ ತಿರುವಿದರು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. "ಕಿವಿಗೆ ಹೇಳುವಂತಿಲ್ಲ ಅಂತಿದೆ. ಕಣ್ಣಿಗೆ ಸನ್ನೆ ಮಾಡುವಂತಿಲ್ಲ ಅಂತಿದೆ. ಕೈ ವಿಷಯ..." ಕನ್ನಡಕ ಏರಿಸಿದರು. "ಕೈ ವಿಷಯ ಏನೂ ಬರೆದಿಲ್ಲಮ್ಮ."

"ಹಿರಿಯರು ಬರೆಯೋವಾಗ ಉಪ್ಪಿಟ್ಟು ತಣ್ಣಗಾಗ್ತಿತ್ತೇನೋ," ಅಂದರು ಅಕ್ಕ.

ಹುಡುಗಿ ಅಜ್ಜನ ಮುಂದೆ ಮಂಡಿಯೂರಿ, ಅವರ ಬಲಗೈ ಎತ್ತಿ, ಜಾಗಟೆಯ ದಾರವನ್ನು ಬೆರಳುಗಳಿಗೆ ಸುತ್ತಿದಳು. ಅಜ್ಜ ಅವಳ ಮುಖ ನೋಡಿದರು. "ಆಗಲಿ, ಆಗಲಿ," ಅಂದರು, ಅಭ್ಯಾಸಬಲ. ಅವಳು ಒಂದು ಪೆಟ್ಟು ಕೊಟ್ಟಳು.

ಗುಂಯ್ ಅನ್ನುವುದು ದಾರ ಹಿಡಿದು ಹತ್ತಿತು. ಬೆರಳಿಗೆ ಬಂತು, ಮಣಿಕಟ್ಟಿಗೆ ಬಂತು, ಮೊಣಕೈ ದಾಟಿತು. ಅಜ್ಜನ ಬಾಯಿ ತೆರೆದುಕೊಂಡಿತು. ಕಣ್ಣು ಮೊದಲ ಸಲ ಹುಡುಗಿಯ ಕೈ ಬಿಟ್ಟು ತನ್ನ ಕೈಯ ಕಡೆ ತಿರುಗಿತು, ಆಮೇಲೆ ಮುಚ್ಚಿಕೊಂಡಿತು. ಜನರ ಕಿವಿಗೆ ನಾದ ಸಣ್ಣಗಾಯಿತು, ಎಳೆಯಾಯಿತು, ಇಲ್ಲವಾಯಿತು. ಅಜ್ಜ ಇನ್ನೂ ದಾರ ಹಿಡಿದೇ ಇದ್ದರು. ಬಿಸಿಲು ಮೂರನೆಯ ಕಂಬದ ಬುಡ ಮುಟ್ಟಿತು. ಮಂಕರಿಯವನು ಮಂಕರಿ ಎತ್ತಿದ.

ಅಜ್ಜ ಕಣ್ಣು ತೆರೆದರು. ಜಾಗಟೆಯನ್ನು ಕಟ್ಟಳೆ ಯಜಮಾನರ ಕೈಗೆ ದಾಟಿಸಿ, ಎರಡೂ ಅಂಗೈ ಎತ್ತಿ, ಒಂದು ಸಲ ತಟ್ಟಿದರು.

ಊರು ಚಪ್ಪಾಳೆ ಹೊಡೆದ ಹೊಡೆತಕ್ಕೆ ಮಂಟಪದ ಪಾರಿವಾಳಗಳೆಲ್ಲ ಹಾರಿಹೋದವು. ಮಂಕರಿಯವನು ಮಣ್ಣು ಕೆಳಗೆ ಹಾಕಿ ತಾನೂ ತಟ್ಟಿದ. ಹುಡುಗಿ ಮೃದಂಗವನ್ನು ತಬ್ಬಿಕೊಂಡು ಅತ್ತಳು. ಜನ ಚಪ್ಪಲಿ ಹುಡುಕುವುದಕ್ಕೆ ಎದ್ದರು.

"ಕೂತ್ಕೊಳ್ಳಿ," ಅಂದರು ಅಜ್ಜ.

'ಆಗಲಿ' ಬಿಟ್ಟು ಬೇರೆ ಮಾತು ಅವರ ಬಾಯಿಂದ ಬಂದದ್ದು ಎಷ್ಟು ವರ್ಷದ ಮೇಲೋ. ಎಲ್ಲರೂ ಬೆಪ್ಪಾಗಿ ಕೂತರು.

"ನನಗೆ ಕಿವಿ ಹೋಗಿ ಇಪ್ಪತ್ತೆರಡು ವರ್ಷ ಆಯ್ತು," ಅಂದರು ಅಜ್ಜ. "ಹೇಳೋದಕ್ಕೆ ನಾಚಿಕೆ. ಅಪ್ಪ ತಾತ ಮಾಡಿದ ಕೆಲಸ ನನ್ನಲ್ಲಿ ನಿಂತುಹೋಯ್ತು ಅಂತ ಹೇಗೆ ಹೇಳಲಿ? ಕೈ ನೋಡಿ ತಟ್ಟಿದೆ. ಇಷ್ಟು ದಿನದಲ್ಲಿ ನಾನು ಕೇಳಿದ್ದು ಇವತ್ತು. ಈ ಹುಡುಗಿ ಕೇಳಿಸಿದಳು."

ಕಟ್ಟಳೆ ಯಜಮಾನರ ಮುಖ ಬಿಳಿಚಿಕೊಂಡಿತು. ಒಂದು ಕೈಯಲ್ಲಿ ಜಾಗಟೆ, ಒಂದು ಕೈಯಲ್ಲಿ ಪುಸ್ತಕ. "ಕೇಳಿ, ಅರಿತು, ತಟ್ಟತಕ್ಕದ್ದು ಅಂತಿದೆ," ಅಂತ ತೊದಲಿದರು. "ಕೇಳದೆ ತಟ್ಟಿದ್ದು ಚಪ್ಪಾಳೆಯೇ ಅಲ್ಲ. ಚಪ್ಪಾಳೆ ಬೀಳದಿದ್ದರೆ ಯಾರೂ ಏಳುವಂತಿಲ್ಲ. ಅಂದರೆ, ಇಪ್ಪತ್ತೆರಡು ವರ್ಷದಿಂದ ನಾವು ಯಾರೂ ಇನ್ನೂ ಎದ್ದೇ ಇಲ್ಲ!"

ಊರು ತಲೆ ಮೇಲೆ ಕೈ ಹೊತ್ತಿತು. ಪಾತ್ರೆ ಅಂಗಡಿಯವನು ಕಟ್ಟಿದ ಕೈಗಳನ್ನೇ ಎತ್ತಿ, "ನನ್ನ ಮದುವೆ ಆದದ್ದು ಹದಿನೆಂಟು ವರ್ಷದ ಹಿಂದೆ. ಹಾಗಾದರೆ ಅದು..." ಅಂದ. ಅವನ ಮುಖದಲ್ಲಿ ಒಂದು ಬಗೆಯ ಆಸೆ ಇತ್ತು.

"ಆದದ್ದು ಆಯ್ತು. ಬಾಯಿ ತೆಗೀರಿ," ಅಂತ ಹೆಂಡತಿ ಕೊನೆಯ ತುತ್ತು ತುರುಕಿದಳು.

ಗದ್ದಲದ ನಡುವೆ ಉಪ್ಪಿಟ್ಟಿನ ಅಕ್ಕ ಮಾತ್ರ ಸುಮ್ಮನೆ ಬಾಗಿಲಾಚೆ ನೋಡುತ್ತಾ ನಿಂತಿದ್ದರು. "ಹಾಗಾದರೆ," ಅಂದರು ಮೆಲ್ಲಗೆ, "ಮಾಸ್ತರರ ಕಛೇರಿಯೂ ಇನ್ನೂ ಮುಗಿದಿಲ್ಲ ಅನ್ನಿ."

ಅಜ್ಜನಿಗೆ ಕೇಳಿಸಲಿಲ್ಲ. ಆದರೆ ಎಲ್ಲರ ಮುಖ ಅಂಗಳದ ಕಡೆ ತಿರುಗಿದ್ದನ್ನು ಅವರು ನೋಡಿದರು. ನೋಡುವುದರಲ್ಲಿ ಅವರು ಪಳಗಿದವರು. ಕೋಲೂರಿ ಎದ್ದರು. ಹೊಸಿಲು ದಾಟಿದರು. ಕಟ್ಟಳೆ ಯಜಮಾನರು ತಡೆಯುವುದಕ್ಕೆ ಬಾಯಿ ತೆರೆದರು, ಪುಸ್ತಕ ನೋಡಿದರು, ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ತಾವೂ ಹಿಂದೆ ಹೊರಟರು.

ಅಜ್ಜ ಏಳನೆಯ ಮೃದಂಗದ ಮುಂದೆ ಮಣ್ಣಿನಲ್ಲೇ ಕೂತು, ದೊಡ್ಡಪತ್ರೆಯನ್ನು ಪಕ್ಕಕ್ಕೆ ಸರಿಸಿ, ಮೃದಂಗದ ಹಲಸಿನ ಮರದ ಒಡಲ ಮೇಲೆ ಅಂಗೈ ಇಟ್ಟರು. "ಬಾರಿಸು ಮಗಳೇ," ಅಂದರು. "ಅವತ್ತು ಅವರು ಕೊನೆಗೆ ಕೊಟ್ಟದ್ದನ್ನು. ನಾನು ಬಿಟ್ಟದ್ದನ್ನು."

ಚರ್ಮವಿಲ್ಲದ, ಮಣ್ಣು ತುಂಬಿದ, ಬೇರು ಹೆಣೆದುಕೊಂಡ ಮೃದಂಗ. ಅದರಲ್ಲಿ ಏನು ನಾದ ಬಂದೀತು? ಆದರೂ ಹುಡುಗಿ ಮಾಸ್ತರರನ್ನು ನೆನೆದು, ಎಡಗೈಯಿಂದ ಒಡಲಿಗೆ ಒಂದೇ ಒಂದು ಸಲ ತಟ್ಟಿ, ಕೈ ಎತ್ತಿದಳು. ದಪ್ ಅಂತ ಒಂದು ಸಣ್ಣ ಸದ್ದು. ಎಲೆಗಳು ಅಲುಗಿದವು. ದೊಡ್ಡಪತ್ರೆಯ ಘಾಟು ಎಲ್ಲರ ಮೂಗಿಗೆ ಬಂತು.

ಅಜ್ಜ ಕಣ್ಣು ಮುಚ್ಚಿದ್ದರು.

ಊರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿತ್ತು. ಎಮ್ಮೆಗಳು ಕೂಗುತ್ತಿದ್ದವು. ಎಲೆ ಅಲುಗಾಟ ನಿಂತಿತು. ಪಿಟೀಲಿನವನು ತಡೆಯಲಾರದೆ, ಕಟ್ಟಳೆ ಮರೆತು, ಅಜ್ಜನ ಭುಜ ಮುಟ್ಟಿ, ಅವರು ಕಣ್ಣು ತೆರೆದಾಗ ಕಾಣುವ ಹಾಗೆ ಬಗ್ಗಿ, ಕೈಸನ್ನೆಯಲ್ಲೇ ಕೇಳಿದ: ಮುಗಿಯಿತಾ?

ಅಜ್ಜ ಅಂಗೈ ತೆಗೆಯಲಿಲ್ಲ.

"ಇಲ್ಲಪ್ಪ," ಅಂದರು. "ಇನ್ನೂ ಇದೆ."

ಪಿಟೀಲಿನವನು ಹುಡುಗಿಯ ಮುಖ ನೋಡಿದ. ಆಮೇಲೆ "ಅಯ್ಯೋ ನನ್ನ ಕರ್ಮವೇ" ಅನ್ನುತ್ತಾ, ಚಪ್ಪಲಿಯನ್ನು ಪಕ್ಕಕ್ಕಿಟ್ಟು, ಎಲ್ಲರಿಗಿಂತ ಮೊದಲು ಬಿಸಿಲಿನಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತ. ಅವನ ಹಿಂದೆ ಊರೂ ಕೂತಿತು.